ಅಜ್ಜಿಯ ಓಟಿಪಿ ಯಾರ ಫೋನಿಗೆ ಬರುತ್ತೆ?

ಗಂಗಾನಗರದ ನಮ್ಮ ಅಡ್ಡರಸ್ತೆಯ ತಿರುವಿನಲ್ಲಿ ಹೂ ಕಟ್ಟಿ ಮಾರುವ ಅಜ್ಜಿಯೊಬ್ಬರಿದ್ದಾರೆ. ವಯಸ್ಸು ಎಪ್ಪತ್ತೆರಡೋ ಎಪ್ಪತ್ತಾರೋ, ಅವರಿಗೇ ಸರಿಯಾಗಿ ಗೊತ್ತಿಲ್ಲ. ಆಧಾರ್ ಕಾರ್ಡಿನ ಪ್ರಕಾರ ಹುಟ್ಟಿದ್ದು ಜನವರಿ 1. ಅವರ ವಾರಿಗೆಯವರಲ್ಲಿ ಬಹಳ ಜನ ಜನವರಿ 1ರಂದೇ ಹುಟ್ಟಿದ್ದಾರೆ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಕಂಪ್ಯೂಟರ್ ದಯಪಾಲಿಸಿದ ಹುಟ್ಟುಹಬ್ಬ ಅದು. ಒಂದು ದಿನ ಮೊಳ ಹಾಕುತ್ತಾ, "ಮೂರು ತಿಂಗಳಾಯ್ತಪ್ಪ, ಸರ್ಕಾರದ ದುಡ್ಡು ನಿಂತೋಗಿದೆ. ಒಂಚೂರು ನೋಡ್ತೀಯಾ?" ಅಂದರು.

ದುಡ್ಡು ನಿಂತಿರಲಿಲ್ಲ. ತಿಂಗಳಿಗೆ 1,200 ರೂಪಾಯಿಯಂತೆ ಮೂರು ತಿಂಗಳ 3,600 ರೂಪಾಯಿ ಅವರದೇ ಹೆಸರಿನ ಇನ್ನೊಂದು ಖಾತೆಯಲ್ಲಿ ತಣ್ಣಗೆ ಕೂತಿತ್ತು. ಸಂಘದ ಸಾಲಕ್ಕೆಂದು ಬೇರೊಂದು ಬ್ಯಾಂಕಿನಲ್ಲಿ ಅಕೌಂಟ್ ಮಾಡಿಸಿದ್ದರು, ಅಲ್ಲಿ ಆಧಾರ್ ಜೋಡಿಸುವ ಕಾಗದಕ್ಕೂ ಹೆಬ್ಬೆಟ್ಟು ಒತ್ತಿದ್ದರು. ಅಲ್ಲಿಂದಾಚೆ ಪಿಂಚಣಿ ದಾರಿ ಬದಲಿಸಿತ್ತು. ಅದು ಪತ್ತೆಯಾಗುವ ಹೊತ್ತಿಗೆ ನಾನು ನಾಲ್ಕು ಸಲ ಓಡಾಡಿದ್ದೆ. ಯಾಕೆಂದರೆ ಎಲ್ಲಿ ಏನು ಕೇಳಿದರೂ ಓಟಿಪಿ ಬೇಕಿತ್ತು, ಆ ಓಟಿಪಿ ಹೋಗುತ್ತಿದ್ದದ್ದು ಅಳಿಯ ಎಂದೋ ಬಿಟ್ಟ ಒಂದು ನಂಬರಿಗೆ. ಅದಕ್ಕೆ ಫೋನ್ ಮಾಡಿದರೆ ಯಾರೋ ಹಿಂದಿಯಲ್ಲಿ ಮಾತಾಡಿ ಇಟ್ಟರು.

ಹಿರಿಯರಿಗೆ ನೆರವು ಅಂದರೆ ಯೋಜನೆಗಳ ಪಟ್ಟಿ ಹಂಚುವುದು ಎಂದು ನಾನೂ ಒಂದು ಕಾಲಕ್ಕೆ ತಿಳಿದಿದ್ದೆ. ಪಟ್ಟಿಗೇನು ಬರವಿಲ್ಲ. ಪಿಂಚಣಿ ಇದೆ, ಆಸ್ಪತ್ರೆಗೆ ಕಾರ್ಡ್ ಇದೆ, ಸಹಾಯವಾಣಿ ಇದೆ, ಮಕ್ಕಳು ಕೈಬಿಟ್ಟರೆ ಕಾಯ್ದೆಯೇ ಇದೆ. ಇಲ್ಲದೇ ಇರುವುದು ಜೊತೆಗೆ ಹೋಗುವ ಒಬ್ಬ ಮನುಷ್ಯ. ಯಲಹಂಕದಿಂದ ಯಶವಂತಪುರದವರೆಗಿನ, ಬೆಂಗಳೂರಿನ ನಮ್ಮ ಈ ಉತ್ತರ ಭಾಗದಲ್ಲಿ ಆ ಮನುಷ್ಯ ನೀವಾಗುವುದಾದರೆ ಯಾವ ಬಾಗಿಲನ್ನು ಮೊದಲು ತಟ್ಟಬೇಕು, ಯಾವುದನ್ನು ಆಮೇಲೆ ಎಂಬ ಲೆಕ್ಕ ಇಲ್ಲಿದೆ.

ಫೋನು, ಬೆರಳು, ಪಾಸ್‌ಬುಕ್ಕು

ಮೊದಲ ಪ್ರಶ್ನೆ ಒಂದೇ: ಆಧಾರ್‌ಗೆ ಜೋಡಿಸಿರುವ ನಂಬರ್ ಯಾರದ್ದು? ಎಷ್ಟೋ ಮನೆಗಳಲ್ಲಿ ಅದು ಮಗನದ್ದು. ಮಗ ಈಗ ಡಲ್ಲಾಸ್‌ನಲ್ಲೋ ದುಬೈನಲ್ಲೋ ಇದ್ದಾನೆ, ಅಥವಾ ಅಮ್ಮನ ಜೊತೆ ಮಾತು ಬಿಟ್ಟಿದ್ದಾನೆ. ಇದನ್ನು ಸರಿಮಾಡದೆ ಮುಂದಿನ ಯಾವ ಕೆಲಸಕ್ಕೂ ಕೈಹಾಕಬೇಡಿ. ನಂಬರ್ ಬದಲಿಸಲು ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟರಾಯಿತು, ಬೇರೆ ದಾಖಲೆ ಕೇಳುವುದಿಲ್ಲ. ಮೆಟ್ಟಿಲು ಹತ್ತಲಾರದವರಿಗೆ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕಿನ ಕಡೆಯಿಂದ ಪೋಸ್ಟ್‌ಮ್ಯಾನ್ ಮನೆಗೇ ಬಂದು ಈ ಒಂದು ಕೆಲಸ ಮಾಡಿಕೊಡುತ್ತಾರೆ. ನಿಮ್ಮ ಅಂಚೆ ಕಚೇರಿಯಲ್ಲಿ ಹೇಳಿಟ್ಟು ಬನ್ನಿ. ಹಾಸಿಗೆ ಹಿಡಿದವರ ಆಧಾರ್ ಕೆಲಸಕ್ಕೆ ಮನೆಗೆ ಬರುವ ವ್ಯವಸ್ಥೆಯನ್ನು ಆಧಾರ್ ಪ್ರಾಧಿಕಾರವೇ ಇಟ್ಟಿದೆ, 1947ಕ್ಕೆ ಕರೆಮಾಡಿ ಕೇಳಬೇಕು. ಸ್ವಾತಂತ್ರ್ಯ ಬಂದ ವರ್ಷವೇ ನಂಬರ್, ಹಿರಿಯರು ಮರೆಯುವುದಿಲ್ಲ.

ಹೊಸ ನಂಬರ್ ಯಾರದ್ದು ಕೊಡಬೇಕು ಅನ್ನುವುದು ಇನ್ನೂ ನಾಜೂಕಿನ ವಿಷಯ. ನಿಮ್ಮದು ಕೊಡಬೇಡಿ. ಸದ್ಯಕ್ಕೆ ಸುಲಭ ಅನ್ನಿಸುತ್ತದೆ, ನಾಳೆ ನೀವು ಮನೆ ಬದಲಿಸುತ್ತೀರಿ, ನಾಡಿದ್ದು ಅವರ ಖಾತೆಯಲ್ಲಿ ನೂರು ರೂಪಾಯಿ ಕಮ್ಮಿಯಾದರೆ ನೀವೇ ಕಳ್ಳರು. ಅಗ್ಗದ ಬಟನ್ ಫೋನೊಂದನ್ನು ಅವರ ಹೆಸರಿನಲ್ಲೇ ಸಿಮ್ ಹಾಕಿಸಿ ಕೊಡಿಸುವುದು ಮೇಲು. ಓದುಬರಹ ಬಾರದಿದ್ದರೂ ಅಂಕಿ ಎಲ್ಲರಿಗೂ ಬರುತ್ತದೆ. ಜೀವನಪೂರ್ತಿ ಚಿಲ್ಲರೆ ಎಣಿಸಿದವರಿಗೆ ಆರಂಕಿಯ ಓಟಿಪಿ ಓದುವುದು ಯಾವ ದೊಡ್ಡ ವಿಷಯ?

ಇನ್ನು ಬೆರಳು. ಪಾತ್ರೆ ಉಜ್ಜಿದ, ಗಾರೆ ಕಲಸಿದ, ಊದುಬತ್ತಿ ಹೊಸೆದ ಕೈಗಳ ಗೆರೆ ಸವೆದಿರುತ್ತದೆ. ಮೆಶೀನ್ ಕೆಂಪು ದೀಪ ತೋರಿಸಿದಾಗ ಕೌಂಟರಿನವರು "ಆಗಲ್ಲಮ್ಮ, ನಾಳೆ ಬನ್ನಿ" ಅನ್ನುತ್ತಾರೆ. ನಾಳೆ ಬಂದರೆ ಬೆರಳೇನು ಹೊಸದಾಗಿ ಬೆಳೆದಿರುತ್ತದೆಯೇ? ಕೈ ತೊಳೆಸಿ, ಒರೆಸಿ, ಚೂರು ಕೊಬ್ಬರಿ ಎಣ್ಣೆ ಸವರಿ ಮತ್ತೆ ಒರೆಸಿ, ಹತ್ತೂ ಬೆರಳನ್ನು ಒಂದೊಂದಾಗಿ ಇಟ್ಟು ನೋಡಲು ಹೇಳಿ. ಆಗದಿದ್ದರೆ ಕಣ್ಣಿನ ಪಾಪೆಯ ಸ್ಕ್ಯಾನ್ ಇದೆ, ಮುಖ ತೋರಿಸುವ ವಿಧಾನವೂ ಬಂದಿದೆ. "ಕಣ್ಣು ಹಿಡೀರಿ" ಅಂತ ನೀವಾಗಿ ಕೇಳದಿದ್ದರೆ ಎಷ್ಟೋ ಕಡೆ ಹಿಡಿಯುವುದಿಲ್ಲ.

ಮೂರನೆಯದು ಪಾಸ್‌ಬುಕ್ಕು. ಸರ್ಕಾರದ ದುಡ್ಡು ಈಗ ಅಕೌಂಟ್ ನಂಬರ್ ನೋಡಿ ಬರುವುದಿಲ್ಲ, ಆಧಾರ್ ನೋಡಿ ಬರುತ್ತದೆ. ಒಬ್ಬರಿಗೆ ನಾಲ್ಕು ಖಾತೆ ಇರಲಿ, ಕೊನೆಯ ಸಲ ಯಾವುದಕ್ಕೆ ಆಧಾರ್ ಸೀಡಿಂಗ್ ಆಗಿದೆಯೋ ಅಲ್ಲಿಗೆ ಬಂದು ಬೀಳುತ್ತದೆ. ಹಾಗಾಗಿ "ಪಿಂಚಣಿ ಬಂದಿಲ್ಲ" ಅಂದಾಗ ತಾಲ್ಲೂಕು ಕಚೇರಿಗೆ ಓಡುವ ಮೊದಲು, ಬ್ಯಾಂಕಿನಲ್ಲಿ "ಇವರ ಆಧಾರ್ ಎನ್‌ಪಿಸಿಐನಲ್ಲಿ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆ ನೋಡಿ" ಎಂದು ಕೇಳಿ. ಈ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡರೆ ಅರ್ಧ ದಿನ ಉಳಿಯುತ್ತದೆ. ಹೂವಿನಜ್ಜಿಯ ವಿಷಯದಲ್ಲಿ ನನಗದು ನಾಲ್ಕನೇ ಸಲಕ್ಕೆ ಹೊಳೆಯಿತು.

ಬ್ಯಾಂಕಿನವರ ಬಗ್ಗೆ ಇನ್ನೆರಡು ಮಾತು. 70 ದಾಟಿದವರಿಗೆ ಮನೆಬಾಗಿಲಲ್ಲೇ ಹಣ ಕೊಡುವುದು, ತೆಗೆದುಕೊಳ್ಳುವುದು ಮುಂತಾದ ಸೇವೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ 2017ರ ನವೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಸಹಿ ಹಾಕಲಾರದಷ್ಟು ಕಾಯಿಲೆ ಬಿದ್ದವರು ಹೆಬ್ಬೆಟ್ಟು ಒತ್ತಬಹುದು. ಕೈಯೇ ಆಡದಿದ್ದರೆ ಕಾಲಿನ ಹೆಬ್ಬೆರಳ ಗುರುತೂ ನಡೆಯುತ್ತದೆ. ಇಬ್ಬರು ಸಾಕ್ಷಿ ಬೇಕು, ಅದರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಪಾರ್ಶ್ವವಾಯು ಹೊಡೆದ ಪರಿಚಯದ ಹಿರಿಯರೊಬ್ಬರನ್ನು "ಅವರೇ ಬರಬೇಕು" ಎಂದು ಆಟೋದಲ್ಲಿ ಬ್ಯಾಂಕಿನ ಬಾಗಿಲ ತನಕ ತರಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಮ್ಯಾನೇಜರ್ ಆಚೆ ಬಂದು ಆಟೋದೊಳಗೆ ಬಗ್ಗಿ ನೋಡಿ "ಸರಿ" ಅಂದರು. ಅಷ್ಟು ದೂರ ಅವರೇ ಬಂದಿದ್ದರೆ ಮುಗಿಯುತ್ತಿತ್ತು. 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರ ಮನೆಗೆ ಅಧಿಕಾರಿಗಳು, ಪೊಲೀಸರು, ವಿಡಿಯೋ ಕ್ಯಾಮೆರಾ ಸಮೇತ ಬಂದು ವೋಟು ಹಾಕಿಸಿಕೊಂಡು ಹೋದ ನಾಡು ಇದು. ಬರಬೇಕೆಂದರೆ ಬರಲು ಆಗುತ್ತದೆ.

ನಾಡಕಚೇರಿಯ ಬೆಂಚು

ಈಗ ಪಿಂಚಣಿ. ಬಡ ಹಿರಿಯರಿಗೆ ಎರಡು ಹೆಸರಿನಲ್ಲಿ ಬರುತ್ತದೆ: ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ, ಮತ್ತು ರಾಜ್ಯ ಸರ್ಕಾರ 2007ರಲ್ಲಿ ಶುರುಮಾಡಿದ ಸಂಧ್ಯಾ ಸುರಕ್ಷಾ. ವೃದ್ಧಾಪ್ಯ ವೇತನಕ್ಕೆ 60 ತುಂಬಿದರೆ ಸಾಕು, 65ರವರೆಗೆ ತಿಂಗಳಿಗೆ 800, ಆಮೇಲೆ 1,200 ರೂಪಾಯಿ. ಸಂಧ್ಯಾ ಸುರಕ್ಷಾಕ್ಕೆ 65 ತುಂಬಿರಬೇಕು, ಅದೂ 1,200. ಎರಡರಲ್ಲಿ ಒಂದು ಮಾತ್ರ ಸಿಗುತ್ತದೆ. ಅರ್ಜಿ ಹಾಕುವುದು ನಾಡಕಚೇರಿಯಲ್ಲಿ, ಅಂದರೆ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ. ಗ್ರಾಮ ಆಡಳಿತ ಅಧಿಕಾರಿ (ಹಳಬರ ಬಾಯಲ್ಲಿ ಈಗಲೂ ಶಾನುಭೋಗರೇ) ಪರಿಶೀಲನೆ ಮಾಡಿ, ರೆವಿನ್ಯೂ ಇನ್‌ಸ್ಪೆಕ್ಟರ್ ಮೂಲಕ ಕಡತ ತಹಶೀಲ್ದಾರರಿಗೆ ಹೋಗಿ ಮಂಜೂರಾಗುತ್ತದೆ.

ಉತ್ತರ ಬೆಂಗಳೂರಿನಲ್ಲಿ ಜನ ದಾರಿತಪ್ಪುವುದು ಇಲ್ಲೇ. ನಾವು ನಗರದವರು, ನಮಗೆ ಗೊತ್ತಿರುವುದು ವಾರ್ಡು ಮತ್ತು ಪಾಲಿಕೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳಾದ ಮೇಲಂತೂ ಯಾವ ಬೋರ್ಡಿನ ಕೆಳಗೆ ನಿಲ್ಲಬೇಕೆಂಬ ಗೊಂದಲ ಇನ್ನೂ ಜಾಸ್ತಿ. ಆದರೆ ಪಿಂಚಣಿ ಪಾಲಿಕೆಯ ಕೆಲಸವಲ್ಲ, ಕಂದಾಯ ಇಲಾಖೆಯದು. ಅಲ್ಲಿ ನಡೆಯುವುದು ತಾಲ್ಲೂಕು ಮತ್ತು ಹೋಬಳಿ. ಆರ್‌.ಟಿ. ನಗರ, ಹೆಬ್ಬಾಳದ ಕಡೆಯವರು ಬೆಂಗಳೂರು ಉತ್ತರ ತಾಲ್ಲೂಕಿನ ಕಸಬಾ ಹೋಬಳಿ. ಯಶವಂತಪುರವೇ ಒಂದು ಹೋಬಳಿ, ಅದೂ ಉತ್ತರ ತಾಲ್ಲೂಕೇ. ಯಲಹಂಕ ಬೇರೆ ತಾಲ್ಲೂಕು. ಗಗನಚುಂಬಿ ಅಪಾರ್ಟ್‌ಮೆಂಟಿನ ನೆರಳಲ್ಲಿ ಬದುಕುತ್ತಿದ್ದರೂ ಅಜ್ಜಿಯ ಕಡತ ಹೋಬಳಿ ಹುಡುಕಿಕೊಂಡು ಹೋಗುತ್ತದೆ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಮಧುಗಿರಿ ಕಡೆಯಿಂದ ಮಕ್ಕಳ ಜೊತೆ ಬಂದು ಮತ್ತಿಕೆರೆಯಲ್ಲೋ ಕಾವಲ್‌ಭೈರಸಂದ್ರದಲ್ಲೋ ನೆಲೆಸಿದವರ ರೇಷನ್ ಕಾರ್ಡ್, ಆಧಾರ್ ವಿಳಾಸ ಎರಡೂ ಊರಿನದೇ ಆಗಿರುತ್ತದೆ. ಅವರಿಗೆ ಎರಡೇ ದಾರಿ: ಊರಿನಲ್ಲೇ ಅರ್ಜಿ ಹಾಕುವುದು, ಇಲ್ಲವೇ ವಿಳಾಸವನ್ನು ಇಲ್ಲಿಗೆ ಬದಲಿಸಿ ಆಮೇಲೆ ಹಾಕುವುದು. ಒಂದು ಕಾಲು ಅಲ್ಲಿ ಒಂದು ಕಾಲು ಇಲ್ಲಿ ಇಟ್ಟರೆ ಕಡತ ನಡುನೀರಿನಲ್ಲಿ.

ವಯಸ್ಸಿನ ವಿಷಯಕ್ಕೂ ಇಲ್ಲೇ ಪೆಟ್ಟು ಬೀಳುವುದು. ಆಧಾರ್ ಮಾಡಿಸುವ ದಿನ ಯಾರೋ ಅಂದಾಜಿನಲ್ಲಿ ಹೇಳಿದ ಇಸವಿ ಐದು ವರ್ಷ ಹಿಂದುಮುಂದಾಗಿದ್ದರೆ ಪಿಂಚಣಿಯೂ ಐದು ವರ್ಷ ಮುಂದೆ ಹೋಗುತ್ತದೆ. ಅರ್ಜಿ ಹಾಕುವ ಮೊದಲು ವೋಟರ್ ಕಾರ್ಡ್, ರೇಷನ್ ಕಾರ್ಡ್, ಆಧಾರ್ ಮೂರನ್ನೂ ಅಕ್ಕಪಕ್ಕ ಇಟ್ಟು ಹೆಸರು, ವಯಸ್ಸು ತಾಳೆ ನೋಡಿ. ಒಂದರಲ್ಲಿ ಮುನಿಯಮ್ಮ, ಇನ್ನೊಂದರಲ್ಲಿ ಮುನಿಯಮ್ಮ ಕೋಂ ಯಾರೋ, ಮತ್ತೊಂದರಲ್ಲಿ ಇಂಗ್ಲಿಷಿನಲ್ಲಿ ಬೇರೆಯೇ ಕಾಗುಣಿತ. ಆಧಾರ್‌ನಲ್ಲಿ ಜನ್ಮದಿನಾಂಕವನ್ನು ದಾಖಲೆ ಕೊಟ್ಟು ಸಾಮಾನ್ಯವಾಗಿ ಒಂದೇ ಸಲ ತಿದ್ದಿಸಬಹುದು, ಆದ್ದರಿಂದ ಆ ಒಂದು ಅವಕಾಶವನ್ನು ಅವಸರದಲ್ಲಿ ಕಳೆಯಬೇಡಿ.

ಕಾರ್ಖಾನೆಯ ನಿವೃತ್ತರ ಕಥೆ ಬೇರೆ. ಜಾಲಹಳ್ಳಿಯ ಎಚ್ಎಂಟಿ, ಬಿಇಎಲ್, ಯಲಹಂಕದ ರೈಲ್ ವೀಲ್ ಫ್ಯಾಕ್ಟರಿ ಇವೆಲ್ಲ ಈ ಭಾಗದ ಬಡಾವಣೆಗಳನ್ನೇ ಕಟ್ಟಿದವು. ರೈಲ್ವೆಯವರಿಗೆ ಸರ್ಕಾರಿ ಪಿಂಚಣಿ, ಚಿಂತೆಯಿಲ್ಲ. ಆದರೆ ಭವಿಷ್ಯನಿಧಿಯ ಪಿಂಚಣಿ ನಂಬಿದವರಿಗೆ ಕನಿಷ್ಠ ಮೊತ್ತ 2014ರಿಂದ ತಿಂಗಳಿಗೆ 1,000 ರೂಪಾಯಿಯಲ್ಲೇ ನಿಂತಿದೆ. ನಾಡಿಗೆಲ್ಲ ಹೊತ್ತು ತೋರಿಸುವ ವಾಚು ಕಟ್ಟಿದವರ ಲೆಕ್ಕದಲ್ಲಿ ಗಡಿಯಾರ ಅಲ್ಲೇ ಕೆಟ್ಟಿದೆ. ಇವರೆಲ್ಲ ವರ್ಷಕ್ಕೊಮ್ಮೆ ಬದುಕಿದ್ದೇನೆ ಎಂದು ಸಾಬೀತು ಮಾಡಬೇಕಲ್ಲ, ಆ ಜೀವನ ಪ್ರಮಾಣಪತ್ರವನ್ನು ಈಗ ಪೋಸ್ಟ್‌ಮ್ಯಾನ್ ಮನೆಯಲ್ಲೇ ಮಾಡಿಕೊಡುತ್ತಾರೆ, ಮೊಮ್ಮಗಳ ಸ್ಮಾರ್ಟ್‌ಫೋನಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ನವೆಂಬರ್‌ನಲ್ಲೇ ಎಲ್ಲರೂ ಮುಗಿಬೀಳಬೇಕಿಲ್ಲ: ಭವಿಷ್ಯನಿಧಿ ಪಿಂಚಣಿಯವರಿಗೆ ಕೊಟ್ಟ ದಿನದಿಂದ 12 ತಿಂಗಳು ಚಾಲ್ತಿ, 80 ದಾಟಿದ ಸರ್ಕಾರಿ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಕೊಡಬಹುದು.

ಬಸ್ಸಿನ ವಿಷಯ ಗೊತ್ತೇ ಇದೆ. ಹೆಂಗಸರಿಗೆ 2023ರ ಜೂನ್ 11ರಿಂದ ಟಿಕೆಟ್ಟಿಲ್ಲ, 60 ದಾಟಿದ ಗಂಡಸರಿಗೆ ಕಾಲುಭಾಗ ರಿಯಾಯಿತಿ. ಹೆಬ್ಬಾಳದ ಫ್ಲೈಓವರ್ ಕೆಳಗೆ ಓಡಿ ಹತ್ತುವ ಶಕ್ತಿ ಇದ್ದರೆ.

ಆಸ್ಪತ್ರೆಯಲ್ಲಿ ಯಾರನ್ನು ಕೇಳಬೇಕು

ಕಾಯಿಲೆ ಬಿದ್ದಾಗ ಬಳ್ಳಾರಿ ರಸ್ತೆಯ ಎರಡೂ ಬದಿಯಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳು ಕಾಣುತ್ತವೆ. ಹತ್ತಿರ ಇದೆಯೆಂದು ನೇರ ಒಳಗೆ ಹೋದರೆ ಕಾರ್ಡ್ ಇದ್ದೂ ಕೈಯಿಂದ ಕಟ್ಟಬೇಕಾಗಬಹುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಸರ್ಕಾರ ನಿಗದಿ ಮಾಡಿದ ದರದಲ್ಲಿ ಶೇ 30ರಷ್ಟು, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆದರೆ ದಾರಿ ಸರ್ಕಾರಿ ಆಸ್ಪತ್ರೆಯ ಮೂಲಕವೇ ಹೋಗುತ್ತದೆ. ನಮ್ಮ ಕಡೆಯವರಿಗೆ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ, ಯಲಹಂಕದ ಸರ್ಕಾರಿ ಆಸ್ಪತ್ರೆ ಹತ್ತಿರ. ಅಲ್ಲಿ ಆಗುವ ಚಿಕಿತ್ಸೆ ಅಲ್ಲೇ. ಆಗದ್ದಕ್ಕೆ ರೆಫರಲ್ ಚೀಟಿ ಬರೆದುಕೊಡುತ್ತಾರೆ, ಅದನ್ನು ಹಿಡಿದು ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಹಾರ್ಟ್ ಅಟ್ಯಾಕ್, ಅಪಘಾತದಂಥ ತುರ್ತಿಗೆ ಮಾತ್ರ ಚೀಟಿ ಬೇಡ.

ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿಯೊಬ್ಬರು ಕೂತಿರುತ್ತಾರೆ. ರಿಸೆಪ್ಷನ್‌ನಲ್ಲಿ ಅಡ್ವಾನ್ಸ್ ಕಟ್ಟುವ ಮೊದಲು ಅವರ ಟೇಬಲ್ ಎಲ್ಲಿದೆ ಎಂದು ಕೇಳಿ. ಒಮ್ಮೆ ನಗದು ರೋಗಿ ಎಂದು ಬರೆದುಕೊಂಡರೆ ಆಮೇಲೆ ಯೋಜನೆಗೆ ಸೇರಿಸಲು ಬಹಳ ತಿಣುಕಬೇಕು. ಆದಾಯ ಎಷ್ಟೇ ಇರಲಿ 70 ದಾಟಿದ ಎಲ್ಲರಿಗೂ 5 ಲಕ್ಷದ ವಯ ವಂದನಾ ಕಾರ್ಡನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ಅದನ್ನು ಮೊಬೈಲಿನಲ್ಲಿ ಮಾಡಿಸಿಕೊಂಡು ನಿಶ್ಚಿಂತರಾಗಿ ಕೂತವರಿಗೂ ನನ್ನ ಸಲಹೆ ಅದೇ: ಸೇರುವ ಮೊದಲು ಆರೋಗ್ಯಮಿತ್ರರ ಮುಂದೆ ಕಾರ್ಡ್ ಇಟ್ಟು "ಇಲ್ಲಿ, ಈ ಆಪರೇಷನ್ನಿಗೆ ನಡೆಯುತ್ತಾ?" ಎಂದು ಕೇಳಿ. ಅವರ ಬಾಯಿಂದ ಹೂಂ ಅನ್ನಿಸಿಕೊಂಡ ಮೇಲೆ ಹಾಸಿಗೆ.

ಹಿರಿಯರ ಜೊತೆ ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆಗಳ ಚೀಟಿ ಒಯ್ದರೆ ಸಾಲದು, ಮಾತ್ರೆಗಳನ್ನೇ ಒಯ್ಯಿರಿ. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮನೆಯಲ್ಲಿರುವ ಎಲ್ಲವನ್ನೂ ಸುರಿದುಕೊಂಡು ಹೋಗಿ. ಬಿಪಿಯ ಒಂದೇ ಮಾತ್ರೆಯನ್ನು ಎರಡು ಕಂಪನಿಯ ಹೆಸರಿನಲ್ಲಿ ಎರಡು ಹೊತ್ತು ನುಂಗುತ್ತಿದ್ದ ಮೇಷ್ಟ್ರೊಬ್ಬರು ಸಂಜಯನಗರದಲ್ಲಿದ್ದರು. ಎದ್ದು ನಿಂತರೆ ತಲೆ ಸುತ್ತು ಎಂದು ಆರು ತಿಂಗಳು ಕಿವಿ ಡಾಕ್ಟರಿಗೆ ತೋರಿಸಿದರು.

ಮನೆಯಲ್ಲಿ ನೋಡಿಕೊಳ್ಳುವವರು

ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನದೇ ಕಷ್ಟದ ಭಾಗ. ಇದಕ್ಕೆ ಕಾರ್ಡೂ ಇಲ್ಲ, ಯೋಜನೆಯೂ ಇಲ್ಲದಂತಿದೆ. ಮಗ, ಸೊಸೆ ಕೆಲಸಕ್ಕೆ ಹೋಗುವವರು. ಸೊಂಟದ ಮೂಳೆ ಮುರಿದ ಅತ್ತೆಯನ್ನು ಹಗಲು ಯಾರು ನೋಡಿಕೊಳ್ಳಬೇಕು? ಬ್ಯೂರೋಗೆ ಫೋನ್ ಮಾಡಿ "ಹೋಮ್ ನರ್ಸ್ ಬೇಕು" ಅನ್ನುತ್ತಾರೆ. ಅಲ್ಲಿಂದ ಬರುವವರಲ್ಲಿ ಹೆಚ್ಚಿನವರು ನರ್ಸ್ ಅಲ್ಲ, ಅಟೆಂಡರ್. ಸ್ನಾನ ಮಾಡಿಸುತ್ತಾರೆ, ಊಟ ಕೊಡುತ್ತಾರೆ, ಪ್ಯಾಡ್ ಬದಲಿಸುತ್ತಾರೆ. ಮೂಗಿನ ನಳಿಕೆ, ಮೂತ್ರದ ಕ್ಯಾಥೆಟರ್ ಬದಲಿಸುವುದು, ಇನ್ಸುಲಿನ್ ಬಿಟ್ಟು ಬೇರೆ ಇಂಜೆಕ್ಷನ್ ಕೊಡುವುದು ಅವರ ಕೆಲಸವಲ್ಲ, ಮಾಡಿಸಲೂ ಬಾರದು. ಹಾಗಾಗಿ ಡಿಸ್ಚಾರ್ಜ್ ದಿನ ವಾರ್ಡಿನ ಸಿಸ್ಟರ್ ಬಳಿ ನಿಮಗೆ ಬೇಕಾದ್ದು ಏನೇನೆಂದು ಪಟ್ಟಿ ಮಾಡಿಸಿಕೊಂಡು, ಅದನ್ನೇ ಬ್ಯೂರೋಗೆ ಓದಿ ಹೇಳಿ.

ಕೇಳಬೇಕಾದ್ದು ಇನ್ನೂ ಇದೆ. ಹನ್ನೆರಡು ಗಂಟೆಯೋ ಇಪ್ಪತ್ನಾಲ್ಕು ಗಂಟೆಯೋ? ಅವರು ರಜೆ ಹಾಕಿದ ದಿನ ಬದಲಿ ಯಾರು? ಪೊಲೀಸ್ ವೆರಿಫಿಕೇಶನ್ ಆಗಿದೆಯೇ, ಕಾಗದ ತೋರಿಸುತ್ತೀರಾ? ನೀವು ಕೊಡುವ ದುಡ್ಡಿನಲ್ಲಿ ಆ ಹುಡುಗಿಯ ಕೈಗೆ ಎಷ್ಟು ಸೇರುತ್ತದೆ? ಕೊನೆಯ ಪ್ರಶ್ನೆಗೆ ಬ್ಯೂರೋದವರು ಮುಖ ಸಿಂಡರಿಸುತ್ತಾರೆ, ಆದರೂ ಕೇಳಿ. ಅರ್ಧ ಸಂಬಳ ಕಮಿಷನ್ನಿಗೆ ಹೋಗುತ್ತಿದ್ದರೆ ಅವಳು ನಿಮ್ಮ ಮನೆಯಲ್ಲಿ ಎರಡು ತಿಂಗಳೂ ನಿಲ್ಲುವುದಿಲ್ಲ, ಪ್ರತಿಸಲ ಹೊಸಬರಿಗೆ ಅಜ್ಜಿ ಮೈ ಒಪ್ಪಿಸಬೇಕು. ಬಂದವರು ಎಷ್ಟೇ ಒಳ್ಳೆಯವರಿರಲಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದಾರೋ ಇಲ್ಲವೋ ಎಂಬುದನ್ನು ಸಂಜೆ ಬಂದು ಬೆನ್ನು, ಹಿಮ್ಮಡಿ ನೋಡಿ ನೀವೇ ತಿಳಿಯಬೇಕು. ಚರ್ಮ ಕೆಂಪಗಾಗಿ, ಒತ್ತಿದರೂ ಬಿಳುಪಾಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದೇ ಅರ್ಥ.

ವಾಸಿಯಾಗದ ಕಾಯಿಲೆಯವರಿಗೆ ಬೇಕಾದ್ದು ಬೇರೆ. ನೋವು ಕಡಿಮೆ ಮಾಡುವ, ಮನೆಗೇ ಬಂದು ನೋಡುವ ಉಪಶಮನ ಆರೈಕೆ. ಹೆಬ್ಬಾಳದಲ್ಲಿ 1973ರಿಂದ ಇರುವ ಬ್ಯಾಪ್ಟಿಸ್ಟ್ ಆಸ್ಪತ್ರೆಯ ತಂಡ ಈ ಕೆಲಸ ಮಾಡುತ್ತದೆ. ಕ್ಯಾನ್ಸರ್ ಕೊನೆಯ ಹಂತ ಮುಟ್ಟಿದವರಿಗೆ ನಗರದ ಪೂರ್ವದಲ್ಲಿರುವ ಕರುಣಾಶ್ರಯ ಇದೆ, ಅಲ್ಲಿ ಹಣ ತೆಗೆದುಕೊಳ್ಳುವುದಿಲ್ಲ. ಮರೆವು ಶುರುವಾದವರಿಗೆ ನಿಮ್ಹಾನ್ಸ್. ಮರೆವಿನ ವಿಷಯದಲ್ಲಿ ಡಾಕ್ಟರ ಜೊತೆಗೇ ಬ್ಯಾಂಕಿಗೂ ಹೋಗಿ: ಅವರಿಗೆ ಇನ್ನೂ ತಿಳಿವಳಿಕೆ ಇರುವಾಗಲೇ, ಅವರ ಒಪ್ಪಿಗೆಯಿಂದ, ನಂಬಿಕಸ್ಥರೊಬ್ಬರ ಜೊತೆ ಜಂಟಿ ಖಾತೆ ಮತ್ತು ನಾಮಿನಿ ಮಾಡಿಸಿಬಿಡಬೇಕು. ಸಹಿಯೇ ಮರೆತುಹೋದ ಮೇಲೆ ಅವರದೇ ದುಡ್ಡನ್ನು ಅವರದೇ ಔಷಧಿಗೆ ತೆಗೆಯಲು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತದೆ.

ಎಸಿ ಕೋರ್ಟು

ಒಂಟಿಯಾಗಿರುವವರು, ಮನೆಯಲ್ಲೇ ಬೈಗುಳ ಏಟು ತಿನ್ನುವವರು ಮೊದಲು ಕರೆಮಾಡಬೇಕಾದ್ದು 1090ಕ್ಕೆ. ಬೆಂಗಳೂರು ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಿಂದ ನಡೆಸುತ್ತಿರುವ ಹಿರಿಯರ ಸಹಾಯವಾಣಿ ಅದು. ಮಕ್ಕಳನ್ನು ಕರೆಸಿ ಮಾತಾಡಿಸುತ್ತಾರೆ, ಅಗತ್ಯ ಬಿದ್ದರೆ ಪೊಲೀಸರ ನೆರವೂ ಸಿಗುತ್ತದೆ. ದೇಶಕ್ಕೆಲ್ಲ ಒಂದೇ ಆದ ಎಲ್ಡರ್‌ಲೈನ್ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಪ್ರಾಣಕ್ಕೇ ಬಂದಿದ್ದರೆ 112. ಒಂಟಿ ಹಿರಿಯರ ಪಟ್ಟಿಯನ್ನು ಠಾಣೆಯಲ್ಲಿ ಇಡಬೇಕು ಎಂಬ ನಿಯಮವಿದೆ. ನಿಮ್ಮ ಬೀದಿಯ ಒಂಟಿ ಅಜ್ಜ ಆ ಪಟ್ಟಿಯಲ್ಲಿದ್ದಾರೋ ಎಂದು ಬೀಟ್ ಪೊಲೀಸರನ್ನು ವಿಚಾರಿಸಿ. ವಿಚಾರಿಸಿದರೆ ಹೆಸರು ಸೇರುತ್ತದೆ.

ಅದಕ್ಕೂ ಬಗ್ಗದಿದ್ದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ. ಇದರ ನ್ಯಾಯಮಂಡಳಿ ಉಪವಿಭಾಗಾಧಿಕಾರಿಯದು, ಜನರ ಬಾಯಲ್ಲಿ ಎಸಿ ಕೋರ್ಟು. ನಮಗೆ ಬೆಂಗಳೂರು ಉತ್ತರ ಉಪವಿಭಾಗ. 60 ದಾಟಿದ, ತಮ್ಮ ಆದಾಯದಲ್ಲಿ ಬದುಕಲಾಗದ ಯಾರು ಬೇಕಾದರೂ ಅರ್ಜಿ ಕೊಡಬಹುದು. ಮಕ್ಕಳಿಲ್ಲದವರು ತಮ್ಮ ಆಸ್ತಿ ಯಾರಿಗೆ ಸೇರುತ್ತದೋ ಆ ಸಂಬಂಧಿಕರ ಮೇಲೆ ಕೊಡಬಹುದು. ಅವರಿಗೆ ಬರಲಾಗದಿದ್ದರೆ ಅವರು ಒಪ್ಪಿಸಿದ ಬೇರೊಬ್ಬರು ಅಥವಾ ಸಂಸ್ಥೆ ಕೊಡಬಹುದು. ನೀವು ಉಪಯೋಗಕ್ಕೆ ಬರುವುದು ಇಲ್ಲೇ. ಕಾಯ್ದೆಯ 17ನೇ ಕಲಂ ವಕೀಲರನ್ನು ದೂರವಿಟ್ಟಿದೆ, ಹಾಗಾಗಿ ಅರ್ಜಿ ಸರಳ ಕನ್ನಡದಲ್ಲಿರಲಿ: ಯಾರು, ಎಷ್ಟು ಮಕ್ಕಳು, ಎಲ್ಲಿದ್ದಾರೆ, ಏನು ಸಂಪಾದನೆ, ಔಷಧಿ ಖರ್ಚೆಷ್ಟು, ಏನು ಬೇಕು. ಮಂಡಳಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು, ತೀರ್ಪಿಗೆ ಮೊದಲೇ ಮಧ್ಯಂತರವಾಗಿಯೂ ಕೊಡಿಸಬಹುದು. ನೋಟಿಸ್ ತಲುಪಿದ 90 ದಿನದೊಳಗೆ ಮುಗಿಸಬೇಕು, ವಿಶೇಷ ಕಾರಣವಿದ್ದರೆ ಇನ್ನೊಂದು 30 ದಿನ. ಇದು ಕಾಗದದ ಲೆಕ್ಕ. ಚುನಾವಣೆ, ಸರ್ವೆ, ಪ್ರೋಟೋಕಾಲ್ ಎಲ್ಲ ಹೊತ್ತ ಎಸಿಯವರ ಮೇಜಿನ ಮೇಲೆ 90 ದಿನ ಬಹಳ ಉದ್ದ ಎಳೆಯುತ್ತದೆ. ಪ್ರತಿ ತಾರೀಖಿಗೂ ಜೊತೆಗೆ ಯಾರಾದರೂ ಹೋಗುತ್ತಿದ್ದರೆ ಚೂರು ಬೇಗ. ಕಾನೂನಿನ ಸಲಹೆ ಬೇಕಾದರೆ ಉಚಿತ ಕಾನೂನು ಸೇವೆಯ 15100 ಇದೆ. ಹೆಂಗಸರಿಗೆ ಆದಾಯದ ಮಿತಿಯೂ ಇಲ್ಲ.

ಉತ್ತರ ಬೆಂಗಳೂರಿನಲ್ಲಿ ಜೀವನಾಂಶಕ್ಕಿಂತ ದೊಡ್ಡ ಜಗಳ ಸೈಟಿನದು. ವಿಮಾನ ನಿಲ್ದಾಣ ಬಂದಮೇಲೆ ಹಳೆ ಶೀಟಿನ ಮನೆಯ ಜಾಗಕ್ಕೂ ಕೋಟಿ ಬೆಲೆ. "ಅಮ್ಮ, ನಿನ್ನ ಹೆಸರಲ್ಲಿದ್ದರೆ ಲೋನ್ ಸಿಗಲ್ಲ" ಎಂದು ದಾನಪತ್ರ ಬರೆಸಿಕೊಂಡು, ಆಮೇಲೆ ಅಮ್ಮನ ಹಾಸಿಗೆ ಮೆಟ್ಟಿಲ ಕೆಳಗೆ. ಕಾಯ್ದೆಯ 23ನೇ ಕಲಂ ಇದಕ್ಕೇ ಇರುವುದು: ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಷರತ್ತು ಇತ್ತೆಂದು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿ 2ರಂದು, ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು ಆಸ್ತಿಯನ್ನು ತಾಯಿಗೆ ಮರಳಿಸಿತು. ಆದರೂ ಕೋರ್ಟಿನ ಉದಾರತೆ ನಂಬಿ ಕೂರಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುಂಚೆ ದಾನಪತ್ರದಲ್ಲಿ "ದಾನ ಪಡೆದವರು ದಾನ ಕೊಟ್ಟವರಿಗೆ ಜೀವನಪರ್ಯಂತ ವಾಸ, ಊಟ, ಔಷಧೋಪಚಾರ ಒದಗಿಸತಕ್ಕದ್ದು" ಎಂಬರ್ಥದ ಸಾಲು ಇದೆಯೇ ಎಂದು ಪತ್ರ ಬರಹಗಾರರಿಂದ ಜೋರಾಗಿ ಓದಿಸಿ. ಇನ್ನೂ ಒಳ್ಳೆಯದು, ದಾನಪತ್ರದ ಬದಲು ವಿಲ್. ವಿಲ್ಲನ್ನು ಬದುಕಿರುವ ತನಕ ಬದಲಿಸಬಹುದು.

ಈ ಕಾಯ್ದೆಗೂ ಎಲ್ಲೆ ಇದೆ, ಅದನ್ನು ತೋರಿಸಿದ್ದು ನಮ್ಮ ಭಾಗದ್ದೇ ಒಂದು ಮನೆ. ಉತ್ತರ ಬೆಂಗಳೂರಿನ ಮನೆಯೊಂದರಿಂದ ಸೊಸೆಯನ್ನು ಖಾಲಿ ಮಾಡಿಸಿ ಎಂದು ಅತ್ತೆ ಮಾವ ಅರ್ಜಿ ಕೊಟ್ಟರು. ಉಪವಿಭಾಗಾಧಿಕಾರಿ ಹೂಂ ಅಂದರು, ಜಿಲ್ಲಾಧಿಕಾರಿ ಹೂಂ ಅಂದರು, ಹೈಕೋರ್ಟೂ ಎತ್ತಿಹಿಡಿಯಿತು. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಹಿರಿಯರ ಕಾಯ್ದೆಯನ್ನು ಹಿಡಿದು, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಸೊಸೆಗೆ ಕೊಟ್ಟ ವಾಸದ ಹಕ್ಕನ್ನು ಸುಮ್ಮನೆ ಅಳಿಸಲಾಗದು ಎಂದಿತು. ಗಂಡ ಹೆಂಡತಿಯ ಜಗಳಕ್ಕೆ ವಯಸ್ಸಾದವರ ಹೆಬ್ಬೆಟ್ಟನ್ನು ಆಯುಧ ಮಾಡಿಕೊಳ್ಳುವ ಮಕ್ಕಳೂ ಇದ್ದಾರೆ. ನಿಮ್ಮ ಬಳಿ ಯಾರಾದರೂ ಅಪ್ಪನ ಪರವಾಗಿ ಅರ್ಜಿ ಬರೆಸಲು ಬಂದರೆ, ಅಪ್ಪನನ್ನು ಒಬ್ಬರನ್ನೇ ಕೂರಿಸಿಕೊಂಡು ಕಾಫಿ ಕೊಟ್ಟು ಹತ್ತು ನಿಮಿಷ ಮಾತಾಡಿಸಿ ನೋಡಿ.

ಸದ್ದಿಲ್ಲದ ಕಸಿತ ಇನ್ನೊಂದಿದೆ, ಅದಕ್ಕೆ ಯಾವ ಕೋರ್ಟೂ ಇಲ್ಲ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆಯೇ, ಗೃಹಲಕ್ಷ್ಮಿಯ 2,000 ಅವರ ಖಾತೆಗೇ ಬೀಳುತ್ತದೆ, ಎಟಿಎಂ ಕಾರ್ಡ್ ಮಾತ್ರ ಮಗನ ಪರ್ಸಿನಲ್ಲಿ. ಇಲ್ಲಿ ಕಾನೂನು ಮಾತಾಡಿದರೆ ಮನೆ ಒಡೆಯುತ್ತದೆ, ಮಾತಾಡದಿದ್ದರೆ ಅಜ್ಜಿಗೆ ಎಲೆ ಅಡಿಕೆಗೂ ಕಾಸಿಲ್ಲ. ತಿಂಗಳಿಗೊಮ್ಮೆ ಅವರ ಜೊತೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬರುವುದೊಂದೇ ನನಗೆ ತಿಳಿದ ಮದ್ದು. ಯಾರೋ ಲೆಕ್ಕ ನೋಡುತ್ತಿದ್ದಾರೆ ಎಂದು ಗೊತ್ತಾದರೆ ಕೈ ತುಸು ಹಿಂದೆ ಸರಿಯುತ್ತದೆ.

ಹೂವಿನಜ್ಜಿಗೆ ಬಟನ್ ಫೋನ್ ಬಂತು, ಆಧಾರ್‌ಗೆ ಹೊಸ ನಂಬರ್ ಸೇರಿತು, ಪಿಂಚಣಿ ಹಳೇ ಖಾತೆಗೆ ಮರಳಿತು. ಫೋನ್ ಕೊಟ್ಟ ದಿನವೇ ಕೂರಿಸಿಕೊಂಡು ಹೇಳಿದ್ದೆ: ಬ್ಯಾಂಕಿನವರು ಅಂತ ಯಾರೇ ಕೇಳಲಿ, ಪೊಲೀಸು ಅಂತ ಹೆದರಿಸಲಿ, ನಂಬರ್ ಬಂದರೆ ಯಾರಿಗೂ ಹೇಳಬಾರದು, ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿಸಬೇಕು. ಹೋದ ವಾರ ಅವರ ಆಸ್ಪತ್ರೆ ಕಾರ್ಡ್ ಮಾಡಿಸಲು ಕೂತೆವು. ನನ್ನ ಮೊಬೈಲಿನಲ್ಲಿ ಆಧಾರ್ ನಂಬರ್ ಹಾಕಿದೆ, ಅವರ ಫೋನ್ ಟುಂಯ್ ಅಂತು. ಕಣ್ಣು ಕಿರಿದು ಮಾಡಿ ಆರು ಅಂಕಿಯನ್ನೂ ತುಟಿಯಲ್ಲೇ ಓದಿಕೊಂಡರು. "ಎಷ್ಟು ಬಂತು ಹೇಳಜ್ಜಿ" ಅಂದೆ.

ಫೋನನ್ನು ಸೆರಗಿನೊಳಗೆ ಇಟ್ಟುಕೊಂಡು, "ಯಾರಿಗೂ ಹೇಳ್ಬೇಡ ಅಂದಿದ್ದೆಯಲ್ಲಪ್ಪ" ಅಂದರು.